ಆಚೆಕೇರಿಗೆ ಕಣ್ಣು ಹೊಡೆದ ಕಾರು

ಕಾರಿನ ಹೆಡ್‌ಲೈಟು ಎಂದರೆ ಏನು? ಒಂದು ಬಲ್ಬು, ಒಂದೆರಡು ವೈರು, ಒಂದು ಸ್ವಿಚ್ಚು. ಇದರಲ್ಲಿ ಅರ್ಥವಾಗದೆ ಇರುವಂಥದ್ದು ಏನಿದೆ? ಮನುಷ್ಯನ ಅಂತರಂಗದ ಕತ್ತಲನ್ನೇ ಬಗೆದು ಕತೆ ಬರೆಯುವ ನನಗೆ ಕಾರಿನ ಮುಂದಿನ ಕತ್ತಲು ಯಾವ ಲೆಕ್ಕ!

ಹೀಗೆ ನಾನು ಅಂದೆನೆಂದು ನನ್ನ ಹೆಂಡತಿ ಸುಮಿತ್ರ ಇವತ್ತಿಗೂ ಹೇಳುತ್ತಾಳೆ. ನನಗೆ ನೆನಪಿಲ್ಲ. ನೆನಪು ನಂಬಬಾರದ ಸಾಕ್ಷಿ, ಅದು ಯಾವಾಗಲೂ ಸಾಕಿದವನ ಪರವಾಗಿಯೇ ಮಾತಾಡುತ್ತದೆ ಎಂದು ನಾನೇ ಅಲ್ಲಿ ಇಲ್ಲಿ ಬರೆದಿದ್ದೇನೆ. ಆದ್ದರಿಂದ ಈ ಪ್ರಕರಣಕ್ಕೆ ಒಂದು ನಿಯಮವಿದೆ: ನಮ್ಮಿಬ್ಬರ ನೆನಪು ಬೇರೆಯಾದ ಕಡೆಯಲ್ಲೆಲ್ಲ ನಾನು ಹೆಚ್ಚು ಪೆದ್ದನಾಗಿ ಕಾಣುವ ಪಾಠವೇ ಅಧಿಕೃತ. ನಿಯಮ ಮಾಡಿದವಳು ಸುಮಿತ್ರ.

ಎಂಬತ್ತರ ದಶಕ. ಮಂಡಲ ಪಂಚಾಯತಿ ಎಂಬುದು ಹೊಸದಾಗಿ ಬಂದಿತ್ತು. ಹೆಂಗಸರಿಗೂ ಸೀಟು ಮೀಸಲಿಟ್ಟಿದ್ದರು. ನಾನು ಸಾಗರದಲ್ಲಿ ಕಾಲೇಜು ಮೇಷ್ಟ್ರು. ಹುಟ್ಟಿ ಬೆಳೆದದ್ದೂ ಸಾಗರದ ಪೇಟೆಯಲ್ಲೇ. ಮದುವೆಯಾದ ಮೇಲೆ ಮನೆ ಮಾಡಿದ್ದು ಹೊಸನಗರದ ರಸ್ತೆಯ ಬಾಳೆಕೊಪ್ಪದಲ್ಲಿ, ಅದು ಸುಮಿತ್ರಳ ಊರು. ಅಲ್ಲಿನ ಪ್ರೈಮರಿ ಶಾಲೆಯಲ್ಲಿ ಅವಳು ಕೆಲವು ವರ್ಷ ಪಾಠ ಮಾಡಿದ್ದಳು. ಊರಿನ ಪಕ್ಕದಲ್ಲಿ ಒಂದು ಹಳ್ಳ. ಹಳ್ಳದಾಚೆಯ ಗುಡ್ಡದಲ್ಲಿ ಆಚೆಕೇರಿ. ನಡುವೆ ಎರಡು ಮರದ ದಿಮ್ಮಿ ಜೋಡಿಸಿದ ಸಂಕ. ಮಳೆಗಾಲದಲ್ಲಿ ದಿಮ್ಮಿ ತೇಲಿಹೋಯಿತೆಂದರೆ ಆಚೆಕೇರಿಯ ಮಕ್ಕಳಿಗೆ ಶಾಲೆ ಇಲ್ಲ, ಬಸುರಿಯರಿಗೆ ಆಸ್ಪತ್ರೆ ಇಲ್ಲ. ಕಾಂಕ್ರೀಟಿನ ಸಂಕ ಬೇಕೆಂದು ಸುಮಿತ್ರ ಕಚೇರಿಯಿಂದ ಕಚೇರಿಗೆ ಅಲೆದು ಅಲೆದು, ಕಡೆಗೊಂದು ದಿನ ದೋಸೆ ಹುಯ್ಯುತ್ತಾ ಹೇಳಿದಳು.

"ಅರ್ಜಿ ಕೊಡೋದು ಸಾಕು. ಇನ್ಮೇಲೆ ಅರ್ಜಿ ತಗೊಳ್ಳೋ ಕುರ್ಚಿ ಮೇಲೆ ಕೂರ್ತೀನಿ."

"ಕೂರು. ನಾನಿದ್ದೀನಲ್ಲ!" ಎಂದೆ.

"ಅದೇ ಯೋಚನೆ ನಂಗೂ" ಎಂದಳು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಮಂಡಲದ ಚುನಾವಣೆಯಲ್ಲಿ ಅವಳ ಎದುರಾಳಿ ಜಲಜಕ್ಕ. ಅಕ್ಕಿ ಗಿರಣಿಯ ತಿಮ್ಮಪ್ಪಗೌಡರ ಹೆಂಡತಿ. ಅವರಿಗೆ ಜೀಪು ಇತ್ತು. ನಮಗೆ ಕಾರು. ತೀರ್ಥಹಳ್ಳಿಯ ವಕೀಲರೊಬ್ಬರು ಅದನ್ನು ನನಗೆ ಮಾರಿದ ದಿನ ನಕ್ಕ ನಗುವನ್ನು ನಾನು ವಿದಾಯದ ದುಃಖವನ್ನು ಮರೆಮಾಡುವ ನಗು ಎಂದು ತಿಳಿದಿದ್ದೆ. ಬಾಳೆಕೊಪ್ಪದ ಓಟು ಅರ್ಧ ಅವರಿಗೆ, ಅರ್ಧ ನಮಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಚೆಕೇರಿ ಯಾರ ಕಡೆಗೋ ಅವರದೇ ಗೆಲುವು. ಆಚೆಕೇರಿಯವರು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಇಬ್ಬರಿಗೂ ಕಾಫಿ ಕೊಟ್ಟು, ಇಬ್ಬರಿಗೂ "ನೋಡನ" ಎನ್ನುತ್ತಿದ್ದರು.

ಹೀಗಿರುವಾಗ ನಮ್ಮ ಕಾರು ಕಣ್ಣು ಹೊಡೆಯಲು ಶುರುಮಾಡಿತು.

ಇಲ್ಲಿ ಒಂದು ಹಿನ್ನೆಲೆ ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ಮನೆಯ ತೊಲೆ, ಪಕಾಸಿಗಳಿಗೆಲ್ಲ ಒರಲೆ, ಅಂದರೆ ಗೆದ್ದಲು, ಹತ್ತದಿರಲೆಂದು ಗೇರೆಣ್ಣೆ ಹಚ್ಚಿಸಿದ್ದೆವು. ಗೇರುಬೀಜದ ಸಿಪ್ಪೆಯಿಂದ ತೆಗೆದ ಆ ಕರಿ ಎಣ್ಣೆ ಒಂದು ಡಬ್ಬಿ ಉಳಿದಿತ್ತು. ಮರವನ್ನು ಒರಲೆಯಿಂದ ಕಾಪಾಡುವ ವಸ್ತು ತಗಡನ್ನು ತುಕ್ಕಿನಿಂದ ಕಾಪಾಡದೆ ಬಿಟ್ಟೀತೆ? ಈ ಆಲೋಚನೆ ಇಡೀ ಮಲೆನಾಡಿನಲ್ಲಿ ನನಗೊಬ್ಬನಿಗೇ ಹೊಳೆಯಿತೆಂಬ ಹೆಮ್ಮೆಯಲ್ಲಿ ಕಾರಿನ ಕೆಳಗೆ ತೂರಿಕೊಂಡು ಎಲ್ಲ ಕಡೆಗೂ ಬಳಿದೆ. ಹೆಡ್‌ಲೈಟಿನ ಗೂಡನ್ನು ಬಿಚ್ಚಿ, ವೈರು ತಗಡಿಗೆ ಸೇರುವ ಜಾಗಗಳಿಗೆ ವಿಶೇಷ ಪ್ರೀತಿಯಿಂದ ಎರಡು ಕೈ ಹೆಚ್ಚಿಗೆ ಹಚ್ಚಿದೆ. ಬೆರಳೆಲ್ಲ ಬೊಬ್ಬೆ ಬಂತು. ಕಾರು ಮಾತ್ರ ಸುಟ್ಟ ಬದನೆಕಾಯಿಯಂತೆ ಮಿರಮಿರ ಮಿಂಚಿತು.

ಪ್ರಚಾರ ಶುರುವಾಗುವ ಹೊತ್ತಿಗೆ ಸರಿಯಾಗಿ ಹೆಡ್‌ಲೈಟಿನ ರೋಗ ಕಾಣಿಸಿಕೊಂಡಿತು. ಲೈಟು ಹಾಕಿದರೆ ಬಲಗಣ್ಣು ಸರಿ, ಎಡಗಣ್ಣು ಕೋಳಿಯ ಕಣ್ಣಿನಂತೆ ಮಂಕು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಆ ಮಂಕುಗಣ್ಣು ಮಿಟುಕುತ್ತಿತ್ತು. ಬ್ರೇಕು ಒತ್ತಿದರೆ ಎರಡೂ ಕಣ್ಣು ನಾಚಿಕೊಳ್ಳುತ್ತಿದ್ದವು. ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಹೆಂಗಸರ ಗುಂಪಿನ ಮುಂದೆ ನಾನು ಸೌಜನ್ಯದಿಂದ ವೇಗ ಕಡಿಮೆ ಮಾಡಿ ಎಡಕ್ಕೆ ತಿರುಗಿದೆ. ಮರುದಿನ ಊರಿಡೀ ಸುದ್ದಿ: ಸುಮಿತ್ರಕ್ಕನ ಗಂಡನ ಕಾರು ಹೆಂಗಸರನ್ನು ಕಂಡರೆ ಕಣ್ಣು ಹೊಡೆಯುತ್ತದೆ!

"ರಿಪೇರಿ ಮಾಡ್ಸಿ. ಇದ್ದ ಓಟೂ ಹೋಗತ್ತೆ" ಎಂದಳು ಸುಮಿತ್ರ.

ಈಗಿನ ಕಾರುಗಳು ತಮ್ಮ ಕಾಯಿಲೆಯನ್ನು ಅಕ್ಷರ, ಅಂಕಿಗಳಲ್ಲಿ ತಾವೇ ಬರೆದು ತೋರಿಸುತ್ತವಂತೆ. ಯಾವ ಸಂಖ್ಯೆಗೆ ಯಾವ ರೋಗ ಎಂದು ಪುಸ್ತಕ ನೋಡಿದರೆ ಮುಗಿಯಿತು. ನಮ್ಮ ಕಾಲದಲ್ಲಿ ಆ ಸೌಲಭ್ಯವಿರಲಿಲ್ಲ. ಆದರೆ ಅದರ ಕಲ್ಪನೆ ಮೊದಲು ಬಂದದ್ದು ನನಗೇ! ಕಾರು ಸುಮ್ಮನೆ ಮಿಟುಕುತ್ತಿಲ್ಲ, ಏನನ್ನೋ ಹೇಳುತ್ತಿದೆ. ಎಲ್ಲದರಲ್ಲೂ ಸಂಕೇತ ಕಾಣುವುದು ನಮ್ಮಂಥ ಹೊಸ ಬಗೆಯ ಕತೆಗಾರರ ಚಾಳಿ. ಹಲ್ಲಿ ಲೊಚಗುಟ್ಟಿದರೂ ಅದು ಅಸ್ತಿತ್ವದ ಪ್ರಶ್ನೆ. ಹಾಗಿರುವಾಗ ಹೆಡ್‌ಲೈಟು ಮಿಟುಕಿದರೆ ಬಿಡುತ್ತೇನೆಯೆ? ಒಂದು ಮಿಟುಕು ಎಂದರೆ ಫ್ಯೂಸು, ಎರಡು ಎಂದರೆ ಕಾಲಿನಲ್ಲಿ ಒತ್ತುವ ಡಿಮ್ಮರು, ಮೂರು ಎಂದರೆ ಬ್ಯಾಟರಿ ಎಂದು ಸಂಕೇತವನ್ನು ನಾನೇ ಗೊತ್ತುಮಾಡಿದೆ. ಯಾವ ಆಧಾರದ ಮೇಲೆ ಎಂದು ಸುಮಿತ್ರ ಕೇಳಿದಳು. ಸೃಜನಶೀಲತೆಗೆ ಆಧಾರ ಕೇಳಬಾರದು ಎಂದೆ.

ಒಂದು ಮಿಟುಕಿದಾಗ ಫ್ಯೂಸು ಬದಲಿಸಿದೆ. ಹಾರನ್ ನಿಂತುಹೋಯಿತು. ಎರಡು ಮಿಟುಕಿದಾಗ ಡಿಮ್ಮರು ಬಿಚ್ಚಿ ಜೋಡಿಸಿದೆ. ಹಾರನ್ ಬಂತು, ನಿಲ್ಲಲಿಲ್ಲ. ಇಡೀ ಬಾಳೆಕೊಪ್ಪ ಅಂಗಳಕ್ಕೆ ಬಂದು ನಿಂತಿತು. ಕಡೆಗೆ ವೈರು ಕಿತ್ತು ಸುಮ್ಮನಾಗಿಸಿದೆ.

"ಯಾರಾದ್ರೂ ತಿಳಿದೋರ ಹತ್ರ ಹೋಗಿ" ಎಂದಳು ಸುಮಿತ್ರ.

ಹೋದೆ. ಸಾಗರದ ನಮ್ಮ ಮೆಕ್ಯಾನಿಕ್ಕು ವರದಹಳ್ಳಿಗೆ ಬಂದ ಯಾತ್ರಿಕರ ವ್ಯಾನಿನ ಅಡಿಯಲ್ಲಿ ಮಲಗಿದ್ದ. ಕಾಣುತ್ತಿದ್ದದ್ದು ಎರಡು ಪಾದ ಮಾತ್ರ. ನಾನು ಆ ಪಾದಗಳ ಮುಂದೆ ನಿಂತು ರೋಗದ ಲಕ್ಷಣಗಳನ್ನೆಲ್ಲ ನಿವೇದಿಸಿದೆ.

"ಅರ್ತ್ ಇಲ್ಲ ಸಾರ್" ಎಂದವು ಪಾದಗಳು. "ಬಿಟ್ಟು ಹೋಗಿ, ನಾಳೆ ನೋಡ್ತೀನಿ."

ಬಿಟ್ಟು ಹೋಗುವುದೆ? ಪ್ರಚಾರದ ಹೊತ್ತಿನಲ್ಲಿ? ಅಲ್ಲದೆ ರೋಗ ಗೊತ್ತಾದ ಮೇಲೆ ವೈದ್ಯನ ಹಂಗೇಕೆ? ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಮನೆಯ ಬಲ್ಬು ಮಂಕಾದಾಗಲೆಲ್ಲ ಹಿತ್ತಿಲಿನ ಅರ್ತ್ ಗುಂಡಿಗೆ ಎರಡು ಕೊಡ ನೀರು ಹುಯ್ಯುತ್ತೇವೆ, ಬಲ್ಬು ಹೊಳೆಯುತ್ತದೆ. ಊರಿನವರೆಲ್ಲ ಮಾಡುವುದು ಅದನ್ನೇ. ಅಂದರೆ ಕರೆಂಟು ನೆಲಕ್ಕೆ ಸೇರಬೇಕು. ಕಾರು ನಿಂತಿರುವುದು ಯಾವುದರ ಮೇಲೆ? ರಬ್ಬರಿನ ಟೈರಿನ ಮೇಲೆ! ಪಾಪ, ಅದಕ್ಕೆ ಅರ್ತ್ ಸಿಗುವುದಾದರೂ ಹೇಗೆ?

ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುತ್ತಿದ್ದ ಸರಪಳಿ ಖಾಲಿ ಬಿದ್ದಿತ್ತು. ಅದರ ಒಂದು ತುದಿಯನ್ನು ಕಾರಿನ ಮುಂದಿನ ಬಂಪರಿಗೆ ಬಿಗಿದು, ಇನ್ನೊಂದು ತುದಿಯನ್ನು ನೆಲಕ್ಕೆ ಬಿಟ್ಟೆ. ಸರಪಳಿ ಎಳೆದಲ್ಲಿ ನೆಲ ಒಣಗಿದ್ದರೆ ಸುರಿಯಲು ಒಂದು ಕೊಡ ನೀರನ್ನೂ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡೆ.

"ಅಲ್ಲಾ ರೀ, ಅಷ್ಟು ಬಸ್ಸು ಲಾರಿ ಓಡಾಡ್ತಾವೆ. ಯಾವ್ದಾದ್ರೂ ಸರಪಳಿ ಎಳ್ಕೊಂಡು ಹೋಗೋದು ನೋಡಿದೀರಾ?"

"ಅವರಿಗೆಲ್ಲ ಹೊಳೆದಿಲ್ಲ."

ಸುಮಿತ್ರ ಕರಪತ್ರದ ಕಟ್ಟು ತೆಗೆದುಕೊಂಡು ಕಾರು ಹತ್ತಿದಳು. ಬಸ್ಸು ಹೋಗಿಯಾಗಿತ್ತು.

ಝಣ ಝಣ ಎಂದು ಸದ್ದು ಮಾಡುತ್ತಾ, ಊರಿನ ಅಷ್ಟೂ ನಾಯಿಗಳನ್ನು ಹಿಂದೆ ಕಟ್ಟಿಕೊಂಡು, ಕಣ್ಣು ಮಿಟುಕಿಸುತ್ತಾ ನಾವು ಸಂಜೆಯ ಪ್ರಚಾರಕ್ಕೆ ಹೊರಟೆವು. ಹಳ್ಳದ ಹತ್ತಿರ, ರಸ್ತೆಯ ತಿರುವಿನಲ್ಲಿ ತಿಮ್ಮಪ್ಪಗೌಡರ ಜೀಪು ನಿಂತಿತ್ತು. ಸಂಕ ದಾಟಿ ಆಚೆಕೇರಿಗೆ ಹೋಗಿದ್ದರು. ಅಂದು ಅಲ್ಲಿ ಜಲಜಕ್ಕನ ಸಭೆ. ಮಬ್ಬುಗತ್ತಲಲ್ಲಿ ಎದುರು ಗುಡ್ಡದ ಮೇಲೆ ಗ್ಯಾಸ್‌ಲೈಟಿನ ಬೆಳಕು, ಜನರ ಗುಜುಗುಜು.

ಸುಮಿತ್ರಳ ಮುಖ ಸಣ್ಣಗಾಯಿತು. "ಎಲ್ಲಾ ಅಲ್ಲೇ ಸೇರಿದಾರೆ" ಎಂದಳು. "ನಾನು ಈ ಕಡೆ ದಿಬ್ಬದ ಮೇಲಿನ ಎರಡು ಮನೆಗೆ ಹೋಗಿ ಬರ್ತೀನಿ. ನೀವು ಇಲ್ಲೇ ಇರಿ. ಏನೂ ಮುಟ್ಬೇಡಿ."

ಏನೂ ಮುಟ್ಟಬೇಡಿ ಎಂದು ಅವಳು ಹೇಳಿದಳೆಂದು ಅವಳು ಹೇಳುತ್ತಾಳೆ. ನಿಯಮದ ಪ್ರಕಾರ ಬರೆದಿದ್ದೇನೆ.

ಒಬ್ಬನೇ ಕೂತೆ. ಕಾರಿನ ಮೂತಿ ಹಳ್ಳದ ಕಡೆಗಿತ್ತು. ಸರಪಳಿಯ ಪರಿಣಾಮವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಸರಪಳಿಯ ಬುಡಕ್ಕೆ ಕೊಡದ ನೀರು ಸುರಿದೆ. ಪರೀಕ್ಷೆಗೆ ಒಂದು ಶಿಸ್ತು ಬೇಕೆಂದು ಮೂರು ಸಲ ಲೈಟು ಹಚ್ಚಿ ಆರಿಸಿದೆ. ಸ್ವಲ್ಪ ನಿಲ್ಲಿಸಿ ಮತ್ತೆ ಮೂರು ಸಲ.

ಎದುರು ಗುಡ್ಡದಲ್ಲಿ ಒಂದು ಬ್ಯಾಟರಿ ದೀಪ ಮೂರು ಸಲ ಹತ್ತಿ ಆರಿತು!

ನನ್ನ ಸಂತೋಷಕ್ಕೆ ಪಾರವಿಲ್ಲ. ಜಲಜಕ್ಕನ ಸಭೆಯಲ್ಲಿ ಕೂತೇ ಯಾರೋ ನಮಗೆ ಗುಟ್ಟಾಗಿ ಬೆಂಬಲ ತೋರಿಸುತ್ತಿದ್ದಾರೆ! ನಾನೂ ಮೂರು ಸಲ ಹಚ್ಚಿದೆ. ಈಗ ಅಲ್ಲಿ ನಾಲ್ಕಾರು ಬ್ಯಾಟರಿಗಳು. ಎಲ್ಲವೂ ಮೂರು ಮೂರು ಸಲ! ಆವೇಶ ಬಂದು ಎಡ ಇಂಡಿಕೇಟರ್ ಹಾಕಿ, ಬ್ರೇಕು ಒತ್ತಿ ಬಿಟ್ಟು, ಕಿತ್ತ ವೈರನ್ನು ಜೋಡಿಸಿ ಹಾರನ್ ಕೂಗಿಸಿ, ಕಾರಿನಲ್ಲಿ ಏನೇನು ಮಿಟುಕಲು ಸಾಧ್ಯವೋ ಅದನ್ನೆಲ್ಲ ಮಿಟುಕಿಸಿದೆ. ಗುಡ್ಡದಲ್ಲಿ ಕೂಗು ಎದ್ದಿತು. ಜನ ಸಭೆ ಬಿಟ್ಟು ಇಳಿದು ಬರುತ್ತಿದ್ದರು. ಓಡಿ ಬರುತ್ತಿದ್ದರು! ಗ್ಯಾಸ್‌ಲೈಟೂ ಹೊರಟಿತು. ಆಚೆಕೇರಿ ನಮ್ಮದಾಯಿತು ಎಂದುಕೊಂಡೆ.

ನನಗೆ ಆಮೇಲೆ ತಿಳಿದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಚೆಕೇರಿಗೆ ಫೋನಿಲ್ಲ, ರಸ್ತೆಯಿಲ್ಲ. ಅಲ್ಲಿ ಗುಡ್ಡಕ್ಕೊಂದು ಮನೆ. ಹಿಂದೆ ಒಣಗರಿಯ ಸೂಡಿ ಹೊತ್ತಿಸಿ ಬೀಸಿ, ಈಗ ಬ್ಯಾಟರಿಯ ಬೆಳಕು ಬಿಟ್ಟು ಮಾತಾಡಿಕೊಳ್ಳುತ್ತಾರೆ. ಮೂರು ಸಲ ಹಚ್ಚಿ, ನಿಲ್ಲಿಸಿ, ಮತ್ತೆ ಮೂರು ಸಲ ಹಚ್ಚಿದರೆ ಅರ್ಥ ಒಂದೇ: ಏಳಲಾಗದ ಹಾಗೆ ಯಾರೋ ಬಿದ್ದಿದ್ದಾರೆ, ಮಂಚ ತನ್ನಿ, ಆಳು ತನ್ನಿ. ನೋಡಿದವರು ಮೂರು ಸಲ ಉತ್ತರ ಕೊಟ್ಟು ಹೊರಡಲೇಬೇಕು. ಉಣ್ಣುತ್ತಿದ್ದರೂ ಸರಿ, ಜಗಳವಿದ್ದರೂ ಸರಿ. ಸುಳ್ಳು ದೀಪ ತೋರಿಸಿದವರ ಮನೆಗೆ ಮಾತ್ರ ಆಮೇಲೆ ಯಾರೂ ಹೋಗುವುದಿಲ್ಲ, ನಾಟಿಯ ಹೊತ್ತಿಗೆ ದುಡಿಮೆಗೆ ದುಡಿಮೆ ತೀರಿಸುವ ಮುಯ್ಯಾಳಾಗಿ ಕೂಡ. ಹಾರನ್ನೂ ಸೇರಿದರೆ ಏನರ್ಥ ಎಂದು ಅವರಲ್ಲಿ ನಿಯಮವಿರಲಿಲ್ಲ. ಪ್ರಾಣವೇ ಹೋಗುತ್ತಿದೆ ಎಂದು ತಿಳಿದರು.

ದಿಬ್ಬದ ಮೇಲಿಂದ ಸುಮಿತ್ರ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಎಂತ ಆಯ್ತ್ರೀ? ಎದೆ ನೋವಾ?"

"ಎಂಥದೂ ಇಲ್ಲ. ನೋಡು, ಎಷ್ಟು ಜನ ಬರ್ತಿದಾರೆ ನಮ್ಮ ಕಡೆ!"

ಅವಳು ಗುಡ್ಡ ನೋಡಿದಳು. ಕಾರು ನೋಡಿದಳು. ನನ್ನ ಬೆರಳು ಲೈಟಿನ ಸ್ವಿಚ್ಚಿನ ಮೇಲಿತ್ತು. ಒಂದೇ ಉಸಿರಿನಲ್ಲಿ ದೀಪದ ಕತೆಯನ್ನೆಲ್ಲ ಹೇಳಿ, ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು. "ಮುಗೀತು. ಸಂಕನೂ ಮುಗೀತು, ಎಲೆಕ್ಷನ್ನೂ ಮುಗೀತು."

ಅಷ್ಟು ವರ್ಷದ ಓಡಾಟವನ್ನು ನಾನು ಒಂದು ಸ್ವಿಚ್ಚಿನಲ್ಲಿ ಆರಿಸಿಬಿಟ್ಟಿದ್ದೆ. ಏನಾದರೂ ಮಾಡಲೇಬೇಕು. ಆಚೆಕೇರಿಯವರಿಗೆ ಬೇಕಾದದ್ದೇನು? ಒಬ್ಬ ರೋಗಿ. ಅದು ನನ್ನಿಂದ ಆಗದ ಕೆಲಸವೆ?

ಮೊದಲ ಬ್ಯಾಟರಿಯ ಬೆಳಕು ನನ್ನ ಮೇಲೆ ಬೀಳುವ ಹೊತ್ತಿಗೆ ನಾನು ಹೊಟ್ಟೆ ಹಿಡಿದುಕೊಂಡು ರಸ್ತೆಯ ಮೇಲೆ ಅಂಗಾತ ಮಲಗಿದ್ದೆ.

"ಅಯ್ಯಯ್ಯೋ, ಮೇಷ್ಟ್ರು!"

ಹಗ್ಗದ ಮಂಚ ಬಂತು. ಮಂಚ ಹೊತ್ತು ಸಂಕ ದಾಟುವಾಗ ಇಬ್ಬರು ಹಳ್ಳಕ್ಕೆ ಬಿದ್ದಿದ್ದರು. ಸೊಂಟದವರೆಗೆ ಒದ್ದೆಯಾಗಿ ಚಳಿಗೆ ನಡುಗುತ್ತಲೇ ನನ್ನನ್ನು ಎತ್ತಿ ಮಲಗಿಸಿದರು. ಕಂಬಳಿ ಹೊದಿಸಿದರು. ನನಗೆ ಬೆವರು ಕಿತ್ತುಕೊಂಡು ಬಂತು.

"ಬೆವರು ನೋಡ್ರಾ! ಹಾರ್ಟೇಯ!" ಎಂದರು ಯಾರೋ.

"ಹೊಟ್ಟೆ" ಎಂದೆ ಕ್ಷೀಣವಾಗಿ.

"ಹೊಟ್ಟೆನಾ? ಸರೀರಿ ಎಲ್ಲಾ" ಎಂದು ಮುದುಕಿಯೊಬ್ಬಳು ಮುಂದೆ ಬಂದಳು. ಆಚೆಕೇರಿಗೆ ಹಿರಿಯಳಾದ ಪುಟ್ಟಜ್ಜಿ. ದೀಪ ಕಂಡೊಡನೆ ಅವಳು ಕಷಾಯದ ಚೊಂಬು ಹಿಡಿದೇ ಹೊರಟಿದ್ದಳು. ನೆಲಬೇವು, ಕಾಸರಕದ ಚಕ್ಕೆ, ಇನ್ನೇನೇನೋ. ಒಬ್ಬರು ಮೂಗು ಹಿಡಿದರು, ಒಬ್ಬರು ಗಲ್ಲ ಹಿಡಿದರು. ಚೊಂಬು ಖಾಲಿಯಾಗುವವರೆಗೆ ಪುಟ್ಟಜ್ಜಿ ಕೈ ತೆಗೆಯಲಿಲ್ಲ. ಅಲ್ಲಿಂದ ಮುಂದೆ ನನ್ನ ಹೊಟ್ಟೆನೋವಿನಲ್ಲಿ ಯಾವ ಸುಳ್ಳೂ ಇರಲಿಲ್ಲ!

ಅಷ್ಟರಲ್ಲಿ ಜಲಜಕ್ಕ ಏದುಸಿರು ಬಿಡುತ್ತಾ ಬಂದರು. ಅರ್ಧಕ್ಕೆ ನಿಂತ ಭಾಷಣ ಇನ್ನೂ ಅವರ ಬಾಯಲ್ಲೇ ಇತ್ತು. "ಸುಮಿತ್ರಾ, ಹೆದ್ರಬೇಡ ಕಣೆ. ನಾವಿದ್ದೀವಿ" ಎಂದು ಅವಳನ್ನು ತಬ್ಬಿಕೊಂಡರು. ತಿಮ್ಮಪ್ಪಗೌಡರು ಜೀಪನ್ನು ತಿರುಗಿಸಿ ನಿಲ್ಲಿಸಿಯಾಗಿತ್ತು. "ಹತ್ಸ್ರೋ ಮೇಷ್ಟ್ರನ್ನ! ಹೊಸನಗರದ ಆಸ್ಪತ್ರೆಗೆ ಹೋಗನ. ಅಲ್ಲಿ ಆಗದಿದ್ರೆ ತೀರ್ಥಹಳ್ಳಿಗೆ. ಅಲ್ಲೂ ಆಗದಿದ್ರೆ ಹೊಟ್ಟೆ ಕುಯ್ಯಕ್ಕೆ ಸೀದಾ ಶಿವಮೊಗ್ಗನೇ!"

ನಾನು ಕಂಬಳಿಯೊಳಗಿನಿಂದ ಒಂದು ಕಣ್ಣು ತೆರೆದು ಸುಮಿತ್ರಳ ಕಡೆ ನೋಡಿದೆ. ಸುಮ್ಮನಿರು, ಎಲ್ಲ ಸರಿಹೋಗುತ್ತದೆ ಎಂದು ಕಣ್ಣಲ್ಲೇ ಹೇಳಿದೆ. ಅವಳು ಜಲಜಕ್ಕನ ತೋಳು ಬಿಡಿಸಿಕೊಂಡಳು. ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ ಇಬ್ಬರನ್ನು ನೋಡಿದಳು. ಮಂಚಕ್ಕೆ ಹೆಗಲು ಕೊಟ್ಟವರನ್ನು ನೋಡಿದಳು.

"ಇಳಿಸಿ" ಎಂದಳು. "ಇವ್ರಿಗೆ ಎಂಥದೂ ಆಗ್ಲಿಲ್ಲ. ಆಗಿದ್ದು ಕಾರಿಗೆ."

ಯಾರಿಗೂ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಮಿಟುಕು, ನನ್ನ ಸಂಕೇತ, ಅರ್ತ್, ಎಮ್ಮೆಯ ಸರಪಳಿ, ಕೊಡದ ನೀರು, ಲೈಟಿನ ಪರೀಕ್ಷೆ, ಕಡೆಗೆ ನನ್ನ ಹೊಟ್ಟೆನೋವು. ಒಂದನ್ನೂ ಬಿಡಲಿಲ್ಲ. "ಇವ್ರಿಗೆ ದೀಪದ ಸುದ್ದಿ ಗೊತ್ತಿರ್ಲಿಲ್ಲ. ಆದ್ರೂ ತಪ್ಪು ತಪ್ಪೇ. ನೀವು ಓಟು ಹಾಕೋದು ಬೇಡ. ಮುಂದೆ ಯಾರದ್ದಾದ್ರೂ ದೀಪ ಕಂಡ್ರೆ, ಇವತ್ತಿಂದು ನೆನೆಸ್ಕೊಂಡು ಮನೇಲಿ ಕೂತ್ಕೋಬೇಡಿ. ಅಷ್ಟು ನಡೆಸಿಕೊಡಿ."

ಮಂಚದ ಮೇಲೆ ಮಲಗಿ ಇಂಥ ಮಾತನ್ನು ಕೇಳುವುದು ಕಷ್ಟ. ಏಳೋಣವೆಂದರೆ ಎದ್ದು ಏನು ಮಾಡುವುದು? ನಾನು ಕಂಬಳಿಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎಳೆದುಕೊಂಡೆ.

ಮೊದಲು ಅಲುಗಾಡಿದವರು ತಿಮ್ಮಪ್ಪಗೌಡರು. ಕಾರಿನ ಮುಂದೆ ಕೂತು, ಹೆಡ್‌ಲೈಟಿನ ಗೂಡಿಗೆ ಮೂಗು ಹಿಡಿದರು. "ಎಂಥ ವಾಸನೆ ಮಾರಾಯ್ರೆ ಇದು? ಗೇರೆಣ್ಣೆ! ಮೇಷ್ಟ್ರೇ, ಕಾರಿಗೆ ಒರಲೆ ಹತ್ತಿತ್ತಾ?"

"ತುಕ್ಕು ಹಿಡೀಬಾರದು ಅಂತ..." ಎಂದೆ ಮಂಚದಿಂದ.

"ಅರ್ತ್ ಅಂದ್ರೆ ನೆಲ ಅಲ್ಲ, ಕಾರಿನ ತಗಡು. ವೈರು ತಗಡು ಮುಟ್ಬೇಕು. ಮಧ್ಯ ಇಷ್ಟು ದಪ್ಪ ಎಣ್ಣೆ ಮೆತ್ತಿದ್ರೆ ಕರೆಂಟು ಎಲ್ಲಿಗೆ ಹೋಗ್ತದೆ? ದಾರಿ ಹುಡುಕ್ತಾ ಇಂಡಿಕೇಟರ್ ಒಳಗೆಲ್ಲಾ ನುಗ್ತದೆ." ಅಡಿಕೆ ಕೆರೆಯುವ ಚೂರಿಯಿಂದ ಪರಪರ ಕೆರೆದು, ವೈರನ್ನು ಬಿಗಿದು, "ಹಾಕಮ್ಮಾ ಲೈಟು" ಎಂದರು.

ಸುಮಿತ್ರ ಸ್ವಿಚ್ಚು ಒತ್ತಿದಳು. ಎರಡೂ ಕಣ್ಣು ಝಗ್ಗೆಂದು ಹತ್ತಿದವು. ಅಂಥ ಬೆಳಕನ್ನು ಆ ಕಾರು ಹುಟ್ಟಿದಾಗಲೂ ಕೊಟ್ಟಿರಲಾರದು. ಮಂಚ ಇದ್ದದ್ದು ಸರಿಯಾಗಿ ಅದರ ಎದುರಿಗೆ. ಕೊರಳವರೆಗೆ ಕಂಬಳಿ, ಮೀಸೆಯ ತುಂಬ ಕಷಾಯ, ತಲೆಯ ಮೇಲೆ ಯಾರೋ ಒತ್ತಿದ ಒದ್ದೆ ಬಟ್ಟೆ. ಅಷ್ಟೂ ಮತದಾರರು ನನ್ನನ್ನು ಕಣ್ತುಂಬ ನೋಡಿದರು. ಒದ್ದೆ ಪಂಚೆಯವನೊಬ್ಬ ಮೊದಲು ಕಿಸಕ್ಕೆಂದ. ಆಮೇಲೆ ಜಲಜಕ್ಕ. ಆಮೇಲೆ ಇಡೀ ಹಳ್ಳ ನಕ್ಕಿತು.

ಚುನಾವಣೆ ನಡೆಯಿತು. ಎಣಿಕೆಯ ದಿನ ನಾನು ಸೋಲಿಗೆ ತಕ್ಕ ಮುಖ ಮಾಡಿಕೊಂಡು, ಸಾಂತ್ವನಕ್ಕೆ ನಾಲ್ಕು ಮಾತು ಸಿದ್ಧಪಡಿಸಿಕೊಂಡು ಹೋಗಿದ್ದೆ. ಸುಮಿತ್ರ ಗೆದ್ದಳು! ಆಚೆಕೇರಿ ಇಡಿಯಾಗಿ ನಮ್ಮ ಕಡೆ ಬಿದ್ದಿತ್ತು. ಮೊದಲು ಬಂದು ಕೈ ಹಿಡಿದವರು ಜಲಜಕ್ಕ. "ಸಂಕ ಆಗ್ದಿದ್ರೆ ನೋಡು, ನಿನ್ನ ಗಂಡನ್ನ ಮತ್ತೆ ಮಂಚಕ್ಕೆ ಹಾಕ್ತೀನಿ" ಎಂದರು.

ಕಾರಣ ಏನಿರಬಹುದು? ನನಗೆ ಒಂದು ಊಹೆಯಿತ್ತು. ಕರಪತ್ರ ಬರೆದವನು ನಾನು. ಹೊಸ ಶೈಲಿಯಲ್ಲಿ, ಪೂರ್ಣವಿರಾಮಗಳಿಲ್ಲದೆ, ಪ್ರಜ್ಞೆಯ ಹರಿವನ್ನೇ ಬಳಸಿ ಬರೆದದ್ದು. ಸಂಕವನ್ನು ಮನುಷ್ಯನ ಒಂಟಿತನಕ್ಕೆ ಹೋಲಿಸಿದ್ದೆ. ಅದು ನಾಟಿರಬೇಕು. ಧನ್ಯವಾದ ಹೇಳಲು ಆಚೆಕೇರಿಗೆ ಹೋದಾಗ ಪುಟ್ಟಜ್ಜಿಯ ಜಗಲಿಯಲ್ಲಿ ಕೂತು ಮೆಲ್ಲಗೆ ವಿಷಯ ತೆಗೆದೆ.

"ಅಜ್ಜಿ, ಕರಪತ್ರ ಓದಿದ್ರಾ?"

"ಓಹೋ. ಒಲೆ ಹಚ್ಚಕ್ಕೆ ಬಾಳ ಅನುಕೂಲ ಆತು."

"ಹಂಗಾದ್ರೆ ಸುಮಿತ್ರಂಗೆ ಓಟು ಯಾಕೆ ಹಾಕಿದ್ರಿ? ಅವಳು ನಿಜ ಹೇಳಿದ್ಲು ಅಂತಾನಾ?"

ಪುಟ್ಟಜ್ಜಿ ಎಲೆಗೆ ಸುಣ್ಣ ಸವರುತ್ತಾ ಯೋಚಿಸಿದಳು. "ಅದೂ ಹೌದು ಅನ್ನಿ. ಆದ್ರೆ ಜಲಜಕ್ಕನೂ ಸುಳ್ಳು ಹೇಳೋರಲ್ಲ. ಇಬ್ರೂ ಒಳ್ಳೇರೇಯ. ಯಾರಿಗೆ ಒತ್ತೋದು ಅಂತ ನಮ್ಗೂ ತಲೆ ಕೆಟ್ಟುಹೋಗಿತ್ತು. ಅವತ್ತು ನಿಮ್ಮನ್ನ ಮಂಚದ ಮೇಲೆ ಬೆಳಕಲ್ಲಿ ಸರಿಯಾಗಿ ನೋಡಿದ್ವಲ, ಆಗ ತೀರ್ಮಾನ ಆತು."

"ಏನಂತ?"

"ಇಂಥಾದ್ದೊಂದನ್ನ ಮನೇಲಿ ಇಟ್ಕಂಡು ಇಷ್ಟು ವರ್ಷ ಸುಧಾರಿಸಿರೋ ಹೆಣ್ಣಿಗೆ, ಮಂಡಲ ಎಂಥಾ ದೊಡ್ಡದು ಮಾರಾಯ್ರೆ?"

ನಾನು ಎದ್ದು ಕೈ ಮುಗಿದೆ. ಆ ಗೆಲುವಿಗೆ ನನ್ನ ಕೊಡುಗೆ ಏನೂ ಇಲ್ಲ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಅಭ್ಯರ್ಥಿಯ ಅರ್ಹತೆಗೆ ಊರಿನ ಮುಂದಿದ್ದ ಪುರಾವೆ ನಾನೊಬ್ಬನೇ!